‘ಬತ್ತೀನಿ’ ಅನ್ನೋ ಸಾಕ್ಷಿ

ನಾನು ಮಿಲಿಟರಿ ಪೊಲೀಸಿನಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತನಾದವನು ಎಂದು ಗೊತ್ತಾದರೆ ಸಾಕು, ಜನರ ಕಿವಿ ನೆಟ್ಟಗಾಗುತ್ತದೆ. ಮೈಸೂರಿನ ಹೂಟಗಳ್ಳಿಯಲ್ಲಿ ನಮ್ಮ ಬೀದಿಯ ಟೀ ಅಂಗಡಿಗೆ ಹೋಗಿ ಕುಳಿತರೆ ಯಾರಾದರೊಬ್ಬರು ಶುರು ಮಾಡುತ್ತಾರೆ. "ಸಾ, ಯುದ್ಧದ ಟೈಮಲ್ಲಿ ಕೊಲೆ ಆದ್ರೆ ಅದನ್ನ ಎಂಗೆ ಪತ್ತೆ ಮಾಡ್ತೀರ? ಅಲ್ಲಿ ಎಲ್ಲಾರೂ ಸಾಯ್ಸಾಕೇ ತಾನೆ ಹೋಗಿರೋದು?" ಇವರೆಲ್ಲ ಮೊಬೈಲಿನಲ್ಲಿ ಪತ್ತೇದಾರಿ ಸೀರಿಯಲ್ಲು ನೋಡಿ ತಲೆ ಕೆಡಿಸಿಕೊಂಡವರು. ನನಗೆ ರೇಗುತ್ತದೆ. "ಕೊಲೆ ಅಂದ್ರೆ ತಮಾಷೆಯೇನ್ರಯ್ಯ ನಿಮ್ಗೆ, ಕಡ್ಲೆಕಾಯಿ ತಿಂತಾ ಕೇಳಾಕೆ?" ಎಂದು ಬೈದು, ಅರ್ಧ ಟೀ ಅಲ್ಲೇ ಬಿಟ್ಟು ಎದ್ದು ಬರುತ್ತೇನೆ. ಪಾಪ, ತಪ್ಪು ಅವರದಲ್ಲ. ಅವರು ಕೇಳಿದಾಗಲೆಲ್ಲ ನನಗೆ ಅಶೋಕಪುರಂನ ಒಂದು ಮನೆ ನೆನಪಾಗುತ್ತದೆ.

ಗಡಿಯಲ್ಲಿ ಹೊಡೆದಾಟ ಜೋರಾಗಿದ್ದ ಕಾಲ ಅದು. ಬೆಟ್ಟದ ಮೇಲೆ ಸೇನೆಯ ಒಂದು ಸಣ್ಣ ಠಾಣೆಯಲ್ಲಿ ನಮ್ಮ ಮೈಸೂರಿನ ಸಿಪಾಯಿಯೊಬ್ಬ ಸತ್ತ. ಶತ್ರುವಿನ ಗುಂಡಿಗೆ ಸಿಕ್ಕಿದ ಎಂದೇ ಮೊದಲು ಎಲ್ಲರೂ ತಿಳಿದರು. ಆದರೆ ಡಾಕ್ಟರು ಅವನ ಬೆನ್ನಿನಿಂದ ತೆಗೆದ ಗುಂಡು ನಮ್ಮದೇ ಬಂದೂಕಿನದು. ಕೇಸು ನಮ್ಮ ಕೈಗೆ ಬಂತು. ನನ್ನ ಮೇಲಿನವರು ಗಢವಾಲದ ಕಡೆಯ ಒಬ್ಬ ಸುಬೇದಾರರು. ಮಾತು ಕಡಿಮೆ, ಬಲು ನಿಧಾನದ ಮನುಷ್ಯ. ನಾವಿಬ್ಬರೂ ಬೆಟ್ಟ ಹತ್ತಿದೆವು.

ಅಂದು ಕಾವಲಿಗಿದ್ದವನು ಉತ್ತರದ ಕಡೆಯ ಇನ್ನೊಬ್ಬ ಸಿಪಾಯಿ. ಅವನು ಏನನ್ನೂ ಮುಚ್ಚಿಡಲಿಲ್ಲ. "ಹೌದು, ನಾನೇ ಹೊಡೆದೆ. ಅವನು ಠಾಣೆ ಬಿಟ್ಟು ಓಡಿಹೋಗುತ್ತಿದ್ದ. ನಿಲ್ಲು ಅಂದೆ, ನಿಲ್ಲಲಿಲ್ಲ" ಎಂದ. ಓಡಿಹೋಗುತ್ತಿದ್ದ ಎಂದು ನಿನಗೆ ಹೇಗೆ ಗೊತ್ತು ಎಂದು ಸುಬೇದಾರರು ಕೇಳಿದರು. ಅದಕ್ಕೆ ಅವನು ಹೇಳಿದ್ದು ಇಷ್ಟು: ಹಿಂದಿನ ದಿನ ಸತ್ತವನು ಠಾಣೆಯ ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡಿದ್ದ. ಕೊನೆಯಲ್ಲಿ ಮೇಲಿಂದ ಮೇಲೆ "ಬತ್ತೀನಿ, ಬತ್ತೀನಿ" ಅಂದಿದ್ದ. "ಅವನೇ ನನಗೆ ಅಷ್ಟಿಷ್ಟು ಕನ್ನಡ ಕಲಿಸಿದ್ದ ಸಾಹೇಬರೆ. ಊಟಕ್ಕೆ ಕರೆದರೆ ಬತ್ತೀನಿ ಅನ್ನಬೇಕು ಅಂತ ಹೇಳಿಕೊಟ್ಟಿದ್ದ. ಬತ್ತೀನಿ ಅಂದರೆ ಬರುತ್ತೇನೆ ಅಂತ. ಮನೆಗೆ ಬರುತ್ತೇನೆ ಅಂತ ತಾಯಿಗೆ ಮಾತು ಕೊಟ್ಟ, ಮಾರನೆಯ ದಿನ ಬೆಟ್ಟ ಇಳಿಯುತ್ತಿದ್ದ. ಇನ್ನೇನು ಬೇಕು?"

ನಾನು ಹಣೆ ಹಣೆ ಚಚ್ಚಿಕೊಂಡೆ. ಹೊರಗೆ ಬಂದ ಮೇಲೆ ಸುಬೇದಾರರಿಗೆ ಬಿಡಿಸಿ ಹೇಳಿದೆ. "ಸಾಹೇಬರೆ, ನಮ್ಮ ಕಡೆ ಹೊರಟವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಹೋಗ್ತೀನಿ ಅಂದರೆ ಅಪಶಕುನ, ಬಿಡ್ತು ಅನ್ನು ಅಂತ ಮನೆಯವರು ಬಾಯಿ ಬಡಿಯುತ್ತಾರೆ. ಹೋಗುವಾಗ ಬತ್ತೀನಿ ಅನ್ನುತ್ತೇವೆ. ಫೋನ್ ಇಡುವಾಗಲೂ ಬತ್ತೀನಿ. ಕ್ಷೌರದಂಗಡಿಯಿಂದ ಎದ್ದು ಬರುವಾಗಲೂ ಬತ್ತೀನಿ. ಹಂಗಂತ ತಿರುಗಿ ಬಂದು ಇನ್ನೊಂದು ಸಲ ತಲೆ ಕೊಡುತ್ತೇವಾ?" ಸುಬೇದಾರರಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ಸತ್ತವನಿಗೂ ಕಾವಲಿನವನಿಗೂ ಆ ಫೋನಿನ ವಿಷಯಕ್ಕೇ ಜಗಳವಾಗಿತ್ತು ಎಂದು ಠಾಣೆಯ ಉಳಿದವರು ಹೇಳಿದರು. ಕಾವಲಿನವನ ಹೆಂಡತಿ ತುಂಬು ಗರ್ಭಿಣಿ. ಅವನು ತನ್ನ ಸರದಿಗೆ ಕಾಯುತ್ತಾ ನಿಂತಿದ್ದ. ನಮ್ಮವನು ಇಟ್ಟೆ ಇಟ್ಟೆ ಎನ್ನುತ್ತಲೇ ಮಾತು ಬೆಳೆಸಿದ. ಅವನು ಫೋನ್ ಕೊಡುವ ಹೊತ್ತಿಗೆ ಲೈನು ಸತ್ತುಹೋಗಿತ್ತು. ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರಂತೆ. ಇನ್ನು ನಮ್ಮವನು ಸತ್ತು ಬಿದ್ದಿದ್ದ ದಾರಿ ಠಾಣೆಯವರು ದಿನವೂ ನೀರು ತರುವ ದಾರಿ. ಅದೇ ದಾರಿಯಲ್ಲಿ ಓಡಿಹೋಗಬಹುದು ಕೂಡ. ಎರಡಕ್ಕೂ ಅವಕಾಶವಿತ್ತು. ಹಾಗಾಗಿ ಎಲ್ಲ ಬಂದು ನಿಂತದ್ದು ಆ ಒಂದು ಮಾತಿನ ಮೇಲೆ.

"ನೀನು ಅವನ ಊರಿನವನು. ನಿನ್ನ ಮಾತನ್ನು ಯಾರೂ ಒಪ್ಪುವುದಿಲ್ಲ. ಕೇಳಿಸಿಕೊಂಡವಳು ತಾಯಿ, ಆಕೆಯೇ ಹೇಳಲಿ" ಎಂದರು ಸುಬೇದಾರರು. ನಾವು ಮೈಸೂರಿಗೆ ಬಂದೆವು.

ಅಶೋಕಪುರಂನಲ್ಲಿ ಒಂದು ಸಂದಿಯೊಳಗೆ ಮನೆ. ತಾಯಿ ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಬಾಗಿಲು ತೆರೆದವಳು ಸತ್ತವನ ತಂಗಿ. ಅವಳು ನಮ್ಮನ್ನು ಒಳಗೆ ಕರೆಯುವ ಮೊದಲು ಹೊರಗೇ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು. "ಸರ್, ಅಣ್ಣ ಸತ್ತೋದ ಅಂತ ಅವ್ವ ಇನ್ನೂ ಒಪ್ಪಿಲ್ಲ. ಪೆಟ್ಟಿಗೆಗೆ ಮೊಳೆ ಹೊಡ್ದು ಕಳ್ಸಿದ್ರು, ತೆಗೀಬ್ಯಾಡಿ ಅಂದ್ರು. ಬಾವುಟ ಹೊದ್ಸಿರ್ಲಿಲ್ಲ, ಗುಂಡು ಹಾರ್ಸಿ ಮರ್ಯಾದೆ ಮಾಡ್ಲಿಲ್ಲ. ವಿಚಾರಣೆ ನಡೀತಾ ಇದೆ ಅಂದ್ಬುಟ್ಟು ಹೋದ್ರು. ಮಖ ನೋಡ್ದೆ ಮಣ್ಣು ಮಾಡಿದ್ದು ಸರ್. ಅದು ಬ್ಯಾರೆ ಯಾರ್ದೋ, ನನ್ ಮಗ ಬತ್ತೀನಿ ಅಂದವ್ನೆ ಅಂತ ಅವ್ವ ಅಂತಾಳೆ."

ನಾನು ಯಾವ ಮಾತನ್ನು ಬರೀ ರೂಢಿಯ ಮಾತು ಎಂದು ಬರೆಸಿಕೊಳ್ಳಲು ಬಂದಿದ್ದೆನೋ, ಆ ತಾಯಿ ಅದೇ ಮಾತು ಹಿಡಿದುಕೊಂಡು ಬದುಕಿದ್ದರು. ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಆದರೆ ಸುಬೇದಾರರು ಆಗಲೇ ಬೂಟು ಬಿಚ್ಚುತ್ತಿದ್ದರು.

ಗೋಡೆಯಲ್ಲಿ ಬುದ್ಧನ ಪಟವಿತ್ತು. ಅದರ ಕೆಳಗೆ ಸಮವಸ್ತ್ರದಲ್ಲಿ ಮಗನ ಫೋಟೋ. ಹಾರ ಹಾಕಿರಲಿಲ್ಲ. ತಾಯಿ ನಮಗೆ ಕಾಫಿ ಕೊಟ್ಟು ಚಾಪೆಯ ಮೇಲೆ ಕುಳಿತರು. ತಂಗಿಯ ಮೊಬೈಲಿನಲ್ಲಿ ಬಂದ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುತ್ತಿದ್ದವು. ಅವಳು ಕೊನೆಯ ಕರೆಯನ್ನು ಹಾಕಿದಳು. ಉಂಡ್ಯೇನಪ್ಪ, ಚಳಿ ಎಂಗದೆ, ಕಾಲಿಗೆ ಎಣ್ಣೆ ಹಚ್ಕೊತಿದ್ದೀಯ, ಎಂದು ತಾಯಿ ಕೇಳುತ್ತಿದ್ದರು. ಹಿಂದೆ ಯಾರೋ ಹಿಂದಿಯಲ್ಲಿ ಬೇಗ ಮಾಡು ಎಂದು ಅವಸರ ಮಾಡುತ್ತಿದ್ದದ್ದೂ ಕೇಳುತ್ತಿತ್ತು. ಆಮೇಲೆ ಅವನ ಮಾತು. "ಸರಿ ಕಣವ್ವ, ಇಡ್ತೀನಿ. ಬ್ಯಾರೆಯೋರು ಕಾಯ್ತಾವ್ರೆ. ಊಂ, ಬತ್ತೀನಿ. ಬತ್ತೀನಿ ಕಣವ್ವ, ಬತ್ತೀನಿ."

ನಾನು ಕೇಳಲೇಬೇಕಾಗಿತ್ತು, ಕೇಳಿದೆ. "ಅವ್ವ, ನಿಮ್ಮ ಮಗ ಕಡೇಲಿ ಬತ್ತೀನಿ ಅಂದ್ರಲ್ಲ, ಅದ್ರ ಅರ್ಥ ಏನು?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಹೂಟಗಳ್ಳಿಯೋರು ಅಂತೀರ, ಅಷ್ಟೂ ಗೊತ್ತಾಗಾಕಿಲ್ವ ಸಾ? ಬತ್ತೀನಿ ಅಂದ್ರೆ ಬತ್ತೀನಿ ಅಂತ. ಅವ್ನು ಸುಳ್ಳು ಏಳೋನಲ್ಲ."

ಸುಬೇದಾರರು ನನ್ನ ಮುಖ ನೋಡಿದರು. ಅವರಿಗೆ ಕನ್ನಡ ಬಾರದು, ಆದರೂ ಆ ಪದ ಅಷ್ಟು ಹೊತ್ತಿಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ತಂಗಿಗೆ ತಡೆಯಲಾಗಲಿಲ್ಲ. ಅವಳು ತಾಯಿಯ ಪಕ್ಕ ಕುಳಿತು ಕೈ ಹಿಡಿದುಕೊಂಡಳು.

"ಅವ್ವ, ನೀನು ಅಂಗಂದ್ರೆ ಅಣ್ಣ ಯುದ್ಧ ಬಿಟ್ಟು ಓಡ್ಬತ್ತಿದ್ದ ಅಂತ ಆಯ್ತದೆ. ಗುಂಡು ಹಾರ್ಸಿದೋನು ತಾನು ಮಾಡಿದ್ದೇ ಸರಿ ಅಂದ್ಬುಟ್ಟು ಆರಾಮಾಗಿರ್ತಾನೆ. ಅಣ್ಣ ಹೇಡಿ ಅಂತ ಊರೆಲ್ಲ ಅಂತದೆ."

"ನನ್ ಮಗ ಹೇಡಿ ಅಲ್ಲ ಕಣಮ್ಮ."

"ಅಲ್ಲ ಕಣವ್ವ. ಅದಕ್ಕೇ ನಿಜ ಏಳು. ಅಣ್ಣ ಫೋನ್ ಇಡಾಕೆ ಅಂದಿದ್ದ ಮಾತು ಅದು. ನಾನು ಕೆಲ್ಸುಕ್ಕೆ ಹೋಗೋವಾಗ ಅನ್ನಾಕಿಲ್ವ, ಅಂಗೇಯ."

ಆಕೆ ಎದ್ದು ಅಡುಗೆಮನೆಗೆ ಹೋದರು. ಒಳಗೆ ನಲ್ಲಿ ಬಿಟ್ಟ ಸದ್ದು ಬಂತು. ಸುಬೇದಾರರು ತಮ್ಮ ಭಾಷೆಯಲ್ಲಿ ದೇವರ ಹೆಸರು ಹೇಳಿಕೊಂಡರು. ಯುದ್ಧದಲ್ಲಿ ನಾನು ಹೆಣ ನೋಡಿದ್ದೇನೆ, ಹೆಣದ ಜೇಬು ತಡಕಿದ್ದೇನೆ. ಅಂದು ಆ ಚಾಪೆಯ ಮೇಲೆ ಕುಳಿತಿದ್ದಷ್ಟು ಕಷ್ಟ ನನಗೆ ಎಲ್ಲೂ ಆಗಿರಲಿಲ್ಲ. ಈ ನೌಕರಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದರು. ಇನ್ನೊಂದು ಸಲ ಹಾಕು ಅಂದರು. ತಂಗಿ ಹಾಕಿದಳು. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ದಿನಾ ಇಂಗೇ ಅಂತಿದ್ದ ಸಾ. ಸ್ಕೂಲಿಗೆ ಹೊಂಟಾಗ್ಲೂ ಅಂತಿದ್ದ, ಮಿಲ್ಟ್ರಿಗೆ ಹೊಂಟ ದಿನ್ವೂ ಅಂದ. ಬರ್ಕೊಳಿ. ನಮ್ಮಲ್ಲಿ ಬತ್ತೀನಿ ಅಂದ್ರೆ ಹೋಗ್ತೀನಿ ಅಂತ. ನನ್ ಮಗ ಬರೋ ಮಾತು ಆಡ್ನಿಲ್ಲ, ಹೋಗೋ ಮಾತೇ ಆಡಿದ್ದು. ಬರ್ಕೊಳಿ."

ನಾನು ಬರೆದುಕೊಂಡೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಆಕೆ ರುಜು ಹಾಕಿದರು.

ಆ ಹೇಳಿಕೆ, ಜಗಳ ನೋಡಿದವರ ಮಾತು, ಎಲ್ಲ ಸೇರಿ ಕೇಸು ನಿಂತಿತು. ಕಾವಲಿನವನಿಗೆ ಶಿಕ್ಷೆಯಾಯಿತು. ಅವನಿಗೆ ಅಷ್ಟರಲ್ಲಿ ಹೆಣ್ಣುಮಗು ಹುಟ್ಟಿತ್ತು, ಅದರ ಮುಖವನ್ನೂ ಅವನು ನೋಡಿರಲಿಲ್ಲ. ಶಿಕ್ಷೆ ಓದುವಾಗ ಅವನು ಬಿಕ್ಕಿ ಬಿಕ್ಕಿ ಅತ್ತ. ಕೊಂದವನ ಮೇಲೆ ಸಿಟ್ಟು ಬರಬೇಕಾದ ಕಡೆ ನನಗೆ ಅದೂ ಬರಲಿಲ್ಲ.

ಆಮೇಲೆ ಅಧಿಕಾರಿಗಳು ಅಶೋಕಪುರಂಗೆ ಬಂದು, ಬೀದಿ ತುಂಬ ಜನ ನಿಂತಿರುವಾಗ, ಮಡಿಸಿದ ಬಾವುಟವನ್ನು ಆ ತಾಯಿಯ ಕೈಗಿಟ್ಟು ಸೆಲ್ಯೂಟ್ ಹೊಡೆದರು. ನಾನೂ ಹೋಗಿದ್ದೆ. ಜನ ಕರಗಿದ ಮೇಲೆ ಹತ್ತಿರ ಹೋಗಿ, ಸಮಾಧಾನ ಹೇಳಬೇಕೆಂದು, "ಅವ್ವ, ನಿಮ್ಮ ಮಾತಿನಿಂದ ಮಗನ ಹೆಸರು ಉಳೀತು" ಅಂದೆ.

ಆಕೆ ಬಾವುಟವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಉಳೀತು ಕಣಪ್ಪ" ಅಂದರು. "ಪೆಟ್ಟಿಗೆ ಬಂದಾಗ್ಲೂ ನಾನು ಒಪ್ಪಿರ್ನಿಲ್ಲ. ಮಣ್ಣು ಮಾಡ್ದಾಗ್ಲೂ ಒಪ್ಪಿರ್ನಿಲ್ಲ. ನೀವು ಬಂದು ಕೇಳಿದ್ರಿ. ಅವ್ನು ಬರಾಕಿಲ್ಲ ಅಂತ ಕಡೀಗೆ ನಾನೇ ರುಜು ಹಾಕ್ಕೊಟ್ಬುಟ್ಟೆ."