ಮಲಗಿ ನೋಡಿದ ಛಾವಣಿ

ಗಜೇಂದ್ರಗಡದ ಆ ಬಡಿಗ ತನ್ನ ಕೆಲಸವನ್ನು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. ಮಂಚವಿರಲಿ, ಅಂಗಡಿಯ ಹಲಗೆಯಿರಲಿ, ಮುಗಿದ ಮೇಲೆ ಟೊಪ್ಪಿಗೆ ತೆಗೆದಿಟ್ಟು, "ಮಲಗಿ ನೋಡಬೇಕ್ರಿ" ಎಂದು ಅದರ ಮೇಲೆ ಉದ್ದಕ್ಕೆ ಮೈಚಾಚಿಕೊಳ್ಳುತ್ತಿದ್ದ. ಕಿರುಗುಟ್ಟದಿದ್ದರೆ ಪಾಸು.

ಹಳೆಯ ಮಿನಿಬಸ್ಸಿನೊಳಗೆ ಮಂಚ, ಒಲೆ ಕೂಡಿಸಿ ನಾವು ಅದನ್ನು ಕ್ಯಾರಾವಾನ್ ಎನ್ನುತ್ತಿದ್ದೆವು. ಅದರ ಛಾವಣಿ ಜೋತುಬಿದ್ದು ಹೆಂಡತಿಯ ತುರುಬಿಗೆ ತಾಗುತ್ತಿತ್ತು. ಸೋಲಾರ್ ಫ್ಯಾನು ಊಟಕ್ಕೆ ಮುಂಚೆಯೇ ನಿಲ್ಲುತ್ತಿತ್ತು. "ರಿಪೇರಿ ಆಗೂತನಕ ನಾ ಹತ್ತಂಗಿಲ್ಲ" ಎಂದಿದ್ದಳು ಅವಳು.

ಬಡಿಗ ಹಳೆಯ ಕೈಮಗ್ಗದ ತೊಲೆಗಳನ್ನು ಒಳಗಿನಿಂದ ಆಸರೆಯಾಗಿ ಕೊಟ್ಟು ಛಾವಣಿ ಎತ್ತಿದ. ಅದರ ಮೇಲಿನ ಸೋಲಾರ್ ಪ್ಲೇಟುಗಳನ್ನು ಮೊಳದೆತ್ತರದ ಕಾಲುಗಳ ಮೇಲೆ ನಿಲ್ಲಿಸಿದ. ಇಷ್ಟೆತ್ತರ ಯಾಕೆಂದು ಕೇಳಿದರೆ, "ಕೆಳಗ ಗಾಳಿ ಆಡಬೇಕ್ರಿ, ಕಾದ್ರ ಕರೆಂಟ್ ಕಡಿಮಿ ಕೊಡತಾವ" ಎಂದ.

ಮಧ್ಯಾಹ್ನ ಕೆಲಸ ಮುಗಿದಿತ್ತು, ಅವನು ಕಾಣಲಿಲ್ಲ. ಊಟಕ್ಕೆ ಹೋಗಿರಬೇಕೆಂದು ನಾವು ಹೊರಟೇಬಿಟ್ಟೆವು. ಫ್ಯಾನು ಗಿರ್ರನೆ ತಿರುಗುತ್ತಿತ್ತು. ದಾರಿಯುದ್ದಕ್ಕೂ ಜನ ಕೈಬೀಸಿದರು. ನಮ್ಮ ಗಾಡಿಯ ಚೆಂದ ನೋಡಿ ಎಂದುಕೊಂಡು ಹೆಂಡತಿಯೂ ಕೈಬೀಸಿದಳು. ಜಕ್ಕಲಿಯಲ್ಲಿ ಒಬ್ಬ ಮುದುಕಿ ಅಡ್ಡ ನಿಂತು ಕೂಗಿದಳು: "ಯಪ್ಪಾ, ಗಾಡಿ ಮ್ಯಾಲ ಯಾರವೋ ಕಾಲು ಕಾಣಾಕತ್ತಾವಲ್ಲೋ!"

ಇಳಿದು ನೋಡಿದೆ. ಪ್ಲೇಟುಗಳ ನೆರಳಿನಿಂದ ಬಡಿಗನ ಮುಖ ಹೊರಬಂತು.

"ಛಾವಣಿ ಪಾಸ್ ಆತ್ರಿ" ಎಂದ, ಆಕಳಿಸುತ್ತ. "ನಿಮ್ಮ ಬ್ರೇಕ್ ಅಷ್ಟು ಚಲೋ ಇಲ್ಲ."

ಇಳಿಸಲು ಕೈಚಾಚಿದೆ. ಅವನು ಹಿಡಿಯಲಿಲ್ಲ.

"ಹ್ಯಾಂಗೂ ನನ್ನ ಬಿಡಾಕ ತಿರುಗಿ ಹೋಗಬೇಕಲ್ರಿ? ನಡೀರಿ. ಬರೂವಾಗ ಬಲಮಗ್ಗಲ ಆತು, ಹೋಗೂವಾಗ ಎಡಮಗ್ಗಲ ಮಲಗಿ ನೋಡಬೇಕ್ರಿ."