ಬೇಲಿಯಾಚೆಯ ಕೆಂಪು ಹುಂಜ

ಕೋಳಿಸಾರೆಂದರೆ ಬಾಯಲ್ಲಿ ನೀರೂರುವ, ಆದರೆ ಕೋಳಿ ಕೊಯ್ಯುವ ಹೊತ್ತಿಗೆ ಪೇಟೆಯಲ್ಲಿ ಏನೋ ತುರ್ತು ಕೆಲಸ ನೆನಪಾಗುವ ಗಂಡಸರ ಗುಂಪಿಗೆ ಸೇರಿದವನು ನಾನು. ನಮ್ಮ ಹೊನ್ನಾವರದಲ್ಲಿ ಇಂಥವರು ಕಡಿಮೆಯೇನಿಲ್ಲ.

ಆಗ ಯುದ್ಧದ ಕಾಲ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿ ಉಳಿದದ್ದು ನಮಗೇ ಸಾಲದು. ಅಂಥದರಲ್ಲಿ ನನ್ನ ಹೆಂಡತಿ ದೇವಕಿ ಹ್ಯಾಟೆಕೋಳಿಯನ್ನು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯೊಳಗೆ ಕಬ್ಬಿಣದ ತುಂಡೊಂದನ್ನಿಟ್ಟಳು.

"ಗುಡುಗಿಗೂ ಕಬ್ಬಿಣಕ್ಕೂ ಎಂತ ಸಂಬಂಧ?" ನಾಲ್ಕಕ್ಷರ ಕಲಿತವನ ಗತ್ತಿನಲ್ಲಿ ಕೇಳಿದೆ.

"ಮರಿ ಆಗ್ಲಿ, ಆಮೇಲೆ ಕೇಳಿ" ಎಂದಳು.

ಮರಿಗಳೇನೋ ಆದವು. ಗಿಡುಗ, ಮುಂಗುಸಿಗಳ ಪಾಲು ಹೋಗಿ ಉಳಿದವು ಬೆಳೆದ ಮೇಲೆ ನೋಡಿದರೆ ಹೆಚ್ಚಿನವೆಲ್ಲ ಹುಂಜಗಳೇ! ಹುಂಜ ಮೊಟ್ಟೆಯಿಡುವುದಿಲ್ಲ, ನುಚ್ಚು ಮಾತ್ರ ತಪ್ಪದೆ ತಿನ್ನುತ್ತದೆ. ಸಾಲದ್ದಕ್ಕೆ ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತದೆ. ಹೆಚ್ಚಾದವನ್ನು ಮಾರುವುದು, ಇಲ್ಲವೇ ಕೊಯ್ಯುವುದು ಎಲ್ಲ ಮನೆಗಳ ಪದ್ಧತಿ. ಒಂದನ್ನು ಬಿಟ್ಟು ಹುಂಜಗಳೆಲ್ಲ ಒಂದೊಂದಾಗಿ ಹೋದವು.

ಅಷ್ಟರಲ್ಲಿ ದೇವಕಿ ಚಳಿಜ್ವರದಲ್ಲಿ ಮಲಗಿದಳು. ಜ್ವರ ಬಿಟ್ಟರೂ ಎದ್ದು ಕೂರುವ ತ್ರಾಣವಿಲ್ಲ. ಕೋಳಿಸಾರು ಕುಡಿಸಿ, ಇಲ್ಲವಾದರೆ ಕಷ್ಟ ಎಂದರು ಡಾಕ್ಟರರು. ಅಂಗಳದಲ್ಲಿ ಉಳಿದಿದ್ದವನು ಅವಳ ಅಂಗೈಯಿಂದಲೇ ತವಡು ತಿಂದು ಬೆಳೆದ ಕೆಂಪು ಹುಂಜ ಒಬ್ಬನೇ.

"ಅವನ ಸಾರು ನನ್ನ ಗಂಟಲಲ್ಲಿ ಇಳೂದಿಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಕೊಲ್ಲಬಹುದೋ ಬಾರದೋ ಎಂದು ಶಾಸ್ತ್ರಗಳು ಬೇಕಾದಷ್ಟು ತರ್ಕ ಮಾಡಿವೆ. ಸಾಕಿದ ಹುಂಜವನ್ನು ಯಾರು ಉಣ್ಣಬೇಕೆಂದು ಯಾವ ಶಾಸ್ತ್ರಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಅದನ್ನು ಹೇಳಿದವಳು ಬೇಲಿಯಾಚೆಯ ಮನೆಯ ನಾಗಮ್ಮಕ್ಕ.

"ಅದ್ಕೆಂತ ಮಾರಾಯ? ನಿಮ್ದು ನಮ್ಗೆ ಕೊಡಿ, ನಮ್ದು ನೀವು ತಕಳಿ. ಸಾಕಿದವ್ರು ಸಾಕಿದ್ದನ್ನ ಉಣ್ಣೂದು ಬೇಡ."

ಹುಂಜಗಳು ಅದಲುಬದಲಾದವು. ನಮ್ಮ ಪಾಲಿಗೆ ಬಂದದ್ದನ್ನು ಕೊಯ್ದುಕೊಟ್ಟವಳೂ ಅವಳೇ. ನನಗೆ ಪೇಟೆಯಲ್ಲಿ ಕೆಲಸವಿತ್ತು. ದೇವಕಿ ಕಣ್ಣು ಮುಚ್ಚಿಕೊಂಡು ಸಾರು ಕುಡಿದಳು.

ಮರುದಿನ ಬೆಳಗಾಗುವಾಗ ಬೇಲಿಯಾಚೆಯಿಂದ ಕೆಂಪು ಹುಂಜ ಕೂಗಿದ. ಅದರ ಮರುದಿನವೂ. ದೇವಕಿ ಅದಕ್ಕೇ ಕಿವಿಗೊಟ್ಟು ಮಲಗಿರುತ್ತಿದ್ದಳು. ಕೂಗು ಕೇಳಿದ ಮೇಲೆ ಏನು ಕೊಟ್ಟರೂ ಕುಡಿಯುತ್ತಿದ್ದಳು. ನಾಗಮ್ಮಕ್ಕನಿಗೆ ಇದನ್ನು ಹೇಳಿದೆ.

"ಗೊತ್ತುಂಟು. ದೇವಕಿ ಎದ್ದು ಓಡಾಡ್ಲಿ ಮೊದ್ಲು. ಕೊಯ್ಯೂಕೆ ಎಂತ ಅವಸರ?" ಎಂದಳು. ಅವಳ ಮಕ್ಕಳು ಬರೀ ಗಂಜಿ ಉಣ್ಣುತ್ತಿದ್ದ ದಿನಗಳವು.

ದೇವಕಿ ಎದ್ದಳು. ಮೊದಲ ಸಲ ಅಂಗಳಕ್ಕಿಳಿದವಳು ನನ್ನ ತೋಳು ಹಿಡಿದುಕೊಂಡು ನೇರ ಬೇಲಿಯ ಹತ್ತಿರ ನಡೆದಳು. ಹುಂಜವನ್ನು ವಾಪಸು ಕೇಳುತ್ತಾಳೆಂದೇ ನಾನು ತಿಳಿದೆ.

"ನಾಗಮ್ಮಕ್ಕ, ನಂಗೆ ಹುಷಾರಾತು. ಇನ್ನು ನೀವು ಕೊಯ್ಕಳಿ, ಮಕ್ಕಳಿಗೆ ಸಾರು ಮಾಡಿ" ಎಂದಳು. ತಿರುಗಿ ಹೊರಟವಳು ಮತ್ತೆ ನಿಂತು, "ಬೆಳಿಗ್ಗೆ ಅಂವ ಒಂದ್ಸಲ ಕೂಗ್ಲಿ, ಆಮೇಲೆ" ಎಂದಳು.

ಮರುದಿನ ಅವನು ಕೂಗುವ ಮೊದಲೇ ನಾವಿಬ್ಬರೂ ಎದ್ದು ಕೂತಿದ್ದೆವು.