ಬಳೆಗಾರ್ತಿ ಹಸೀನಾ ಮತ್ತು ನನ್ನ ಹೊಟ್ಟೆಕಿಚ್ಚು

ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಮೂವತ್ತೆರಡು ವರ್ಷ ಶಾಲೆಯಲ್ಲಿ ಅಕ್ಕೋರಾಗಿ ಮಕ್ಕಳಿಗೆ, ಇನ್ನೊಬ್ಬರನ್ನು ಕಂಡು ಕರುಬಬಾರದು ಎಂದು ಪಾಠ ಹೇಳಿ ನಿವೃತ್ತಳಾದವಳು ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಲಕ್ಷ್ಮೇಶ್ವರದಲ್ಲಿ ನಮ್ಮ ಪಕ್ಕದ ಮನೆಯ ಹಸೀನಾಳಿಗೆ ಇದು ಯಾವತ್ತೋ ಗೊತ್ತು. ನಿಮಗೂ ಗೊತ್ತಾದರೆ ನಷ್ಟವೇನಿಲ್ಲ.

ಹಸೀನಾಳದು ಬಜಾರದಲ್ಲಿ ಬಳೆ ಅಂಗಡಿ. ಓದಿದ್ದು ನಾಲ್ಕನೇ ಇಯತ್ತೆ. ಆದರೂ ಯಾವ ಸುದ್ದಿಯಾದರೂ ನನಗಿಂತ ಮೊದಲು ಆಕೆಗೇ ಮುಟ್ಟುತ್ತದೆ. ನನ್ನ ಸೊಸೆ ಬಸುರಾದದ್ದನ್ನು ಆಕೆಯೇ ಬಂದು ನನಗೆ ಹೇಳಿದ್ದಳು. ಆಕೆ ನೆಟ್ಟ ಕರಿಬೇವು ಮಾಳಿಗೆ ಮುಟ್ಟಿತು, ನನ್ನದು ಮೊಣಕಾಲು ದಾಟಲಿಲ್ಲ. ಇಂಥವಕ್ಕೆಲ್ಲ ಒಳಗೆ ಉರಿಯುತ್ತ, ಮೇಲೆ ನಗುತ್ತ ಕಾಲ ಹಾಕಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಬಂದವಳು, ಮೊಮ್ಮಗಳು ಸನಾಳನ್ನು ಗದಗಿಗೆ ಕರೆದೊಯ್ದು ಎಚ್‌ಪಿವಿ ಲಸಿಕೆ ಹಾಕಿಸಿದೆ ಎಂದಳು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರದಂತೆ ಕಾಯುತ್ತದಂತೆ, ಆರು ತಿಂಗಳು ಬಿಟ್ಟು ಇನ್ನೊಂದು ಸೂಜಿಯಂತೆ. ಚಹಾ ನನ್ನ ಕೈಯಲ್ಲೇ ಆರಿತು. ಅದೇ ಕಾಯಿಲೆಯಿಂದ ತೀರಿಕೊಂಡವಳು ನನ್ನ ಸ್ವಂತ ಅಕ್ಕ. ಆ ಲಸಿಕೆಯ ಬಗ್ಗೆ ನಾನೂ ಪೇಪರಿನಲ್ಲಿ ಓದಿದ್ದೆ. ಓದಿ, ಮಡಿಚಿ, ಕಪಾಟಿನಲ್ಲಿಟ್ಟಿದ್ದೆ. ನನ್ನ ಮೊಮ್ಮಗಳು ಪಲ್ಲವಿಗೂ ಹದಿಮೂರು ವರ್ಷ. ಓದಿದವಳು ನಾನು, ಹಾಕಿಸಿದವಳು ಆಕೆ.

ಹೊಟ್ಟೆಕಿಚ್ಚು ಬುದ್ಧಿವಂತಿಕೆಯ ವೇಷದಲ್ಲೇ ಬಾಯಿಗೆ ಬರುತ್ತದೆ. ಇಷ್ಟು ಸಣ್ಣ ಹುಡುಗಿಗೆ ಇದೆಲ್ಲ ಯಾಕೆ, ಮದುವೆ ಗೊತ್ತಾದ ಮೇಲೆ ನೋಡಿದರಾಗದೇ ಎಂದು ಕೇಳಿದೆ. ವೈರಸ್ ಮೈ ಸೇರುವ ಮೊದಲೇ ಹಾಕಿಸಿದರೆ ಹೆಚ್ಚು ಉಪಯೋಗ, ಅದಕ್ಕೇ ಈ ವಯಸ್ಸು ಎಂದು ಡಾಕ್ಟರು ಹೇಳಿದ್ದನ್ನು ಹಸೀನಾ ಪಾಠದಂತೆ ನನಗೆ ಒಪ್ಪಿಸಿದಳು. ನಿನಗೆ ಇದು ತಲೆಗೆ ಹೊಳೆದದ್ದಾದರೂ ಹೇಗೆ ಎಂದು ಕೆಣಕಿದೆ.

“ನಿಮ್ಮ ಗಂಗಕ್ಕನ ನೆನಪಾತ್ರಿ ಅಕ್ಕೋರ. ಮುಟ್ಟು ನಿಂತ ಮ್ಯಾಲೂ ರಕ್ತ ಹೋಗತೈತಿ ಅಂತ, ಬಳಿ ಇಡಿಸ್ಕೊಳ್ಳಾಕ ಬಂದಾಗ ನನ್ನ ಮುಂದ ಹೇಳಿದ್ಲು.”

ಗಂಗಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು; ಸೊರಟೂರಿಗೆ ಕೊಟ್ಟಿದ್ದೆವು. ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು, ಗದಗ ಆಗ ಹೊಸ ಜಿಲ್ಲೆ; ದೊಡ್ಡ ಆಸ್ಪತ್ರೆಯೆಂದರೆ ಹುಬ್ಬಳ್ಳಿಯೇ. ನಾವು ಆಕೆಯನ್ನು ಹುಬ್ಬಳ್ಳಿಗೆ ಕರೆದೊಯ್ಯುವಷ್ಟರಲ್ಲಿ ಕೈ ಮೀರಿತ್ತು. ನನ್ನ ಮುಂದೆ ಆಕೆ ಅಂದದ್ದು ‘ಹೊಟ್ಟಿ ನೋವು’ ಎಂದಷ್ಟೇ. ನಮ್ಮ ಹೆಂಗಸರ ಮಾತಿನಲ್ಲಿ ಈ ಹೊಟ್ಟೆ ಎಷ್ಟು ದೊಡ್ಡದು ನೋಡಿ: ಹಸಿವು ಅಲ್ಲೇ, ಬಸಿರು ಅಲ್ಲೇ, ಮುಟ್ಟಿನ ನೋವು ಅಲ್ಲೇ, ಇನ್ನೊಬ್ಬರ ತಪ್ಪನ್ನು ಹಾಕಿಕೊಳ್ಳುವುದೂ ಅದರಲ್ಲೇ. ಹೆಸರು ಹೇಳಲಾಗದ್ದನ್ನೆಲ್ಲ ಅಲ್ಲಿ ತುಂಬಿಟ್ಟಿದ್ದೇವೆ. ನಾನು ಅಕ್ಕನಿಗೆ ಅಜವಾನದ ಕಷಾಯ ಕಾಸಿ ಕೊಟ್ಟಿದ್ದೆ.

“ನನಗ್ಯಾಕ ಹೇಳಲಿಲ್ಲ ಆಕಿ?”

“ಅಕ್ಕೋರಿಗೆ ಹೇಳ್ರಿ ಅಂತ ನಾ ಅಂದೆ. ‘ಆಕಿ ಸಾಲಿ ಕಲತಾಕಿ, ಇಂಥಾ ಮಾತು ಆಕಿ ಮುಂದ ಹೆಂಗ ಆಡ್ಲಿ’ ಅಂದ್ಲು. ನಾನೂ ಆಗ ಸಣ್ಣಾಕಿ, ಸುಮ್ಮನಾದೆ. ಅದ ಇವತ್ತಿಗೂ ಚುಚ್ಚತೈತ್ರಿ.”

ಅವತ್ತು ಹತ್ತಿದ ಕಿಚ್ಚು ಕರಿಬೇವಿನದಲ್ಲ. ನನ್ನನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದ ಅಕ್ಕ, ತನ್ನ ಜೀವದ ಮಾತನ್ನು ಬಳೆಗಾರ್ತಿಗೆ ಹೇಳಿ ಹೋಗಿದ್ದಳು. ಆ ಒಂದು ಮಾತು ನನಗೆ ಸಿಗಬೇಕಿತ್ತು. ಎರಡು ದಿನ ಹಸೀನಾಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಮಗ ಸೊಸೆಯ ಮುಂದೆ ಲಸಿಕೆಯ ವಿಷಯ ತೆಗೆದೆ. ಅವರು ಒಪ್ಪಿದರು.

ಗದಗಿನ ಬಸ್ಸಿನಲ್ಲಿ, ಮುಳಗುಂದ ದಾಟುವಾಗ, ಪಲ್ಲವಿಗೆ ಎಲ್ಲ ವಿವರಿಸಬೇಕೆಂದು ಹೊರಟೆ. ಗರ್ಭಕೋಶ ಎನ್ನುವಾಗ ದನಿ ತಾನಾಗಿಯೇ ತಗ್ಗಿತು. ಗೊತ್ತೈತಿ ಅಜ್ಜಿ, ಸಾಲ್ಯಾಗ ಹೇಳ್ಯಾರ ಎಂದು ಅವಳು ಆರಾಮಾಗಿ ಅಂದಳು. ಹದಿಮೂರರ ಹುಡುಗಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆಸ್ಪತ್ರೆಯಲ್ಲಿ ಅವಳು ತೋಳು ಮೇಲೇರಿಸಿದಳು, ಮುಖ ಆಚೆ ತಿರುಗಿಸಿದಳು, ಅಷ್ಟರಲ್ಲಿ ಮುಗಿಯಿತು. ಅರ್ಧ ತಾಸು ಅಲ್ಲೇ ಕೂರಿಸಿ ಕಳಿಸಿದರು. ಹೊರಗೆ ಬಂದವಳೇ ಗಿರ್ಮಿಟ್ಟು ತಿನ್ನಬೇಕೆಂದಳು.

ಹೊರಡುವ ಮುನ್ನ ಡಾಕ್ಟರಮ್ಮ ನನ್ನನ್ನು ನೋಡಿ, ನಿಮ್ಮ ವಯಸ್ಸಿಗೆ ಈ ಸೂಜಿಯಲ್ಲ, ಗರ್ಭಕೋಶದ ಬಾಯಿಯ ತಪಾಸಣೆ ಬೇಕು, ಎಂದಾದರೂ ಮಾಡಿಸಿದ್ದೀರಾ ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಊರಿಗೆ ಬಂದವಳೇ ಹಸೀನಾಳ ಅಂಗಡಿಗೆ ಹೋಗಿ, ನೀನು ಮಾಡಿಸಿದ್ದೀಯೇನು ಎಂದು ಕೇಳಿದೆ. ಅದೇನು ಎಂದು ಆಕೆ ನನ್ನನ್ನೇ ಕೇಳಿದಳು. ಇಷ್ಟು ವರ್ಷಕ್ಕೆ ಮೊದಲ ಬಾರಿ ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆ ಸುಖವನ್ನು ನಾಚಿಕೆಯಿಲ್ಲದೆ ಅನುಭವಿಸಿದೆ. ಈ ವಯಸ್ಸಿನಾಗ ನನಗ್ಯಾಕ್ರಿ ಎಂದು ಆಕೆ ಗೊಣಗಿದಳು. ನಾನು ಬಿಡಲಿಲ್ಲ.

ಮುಂದಿನ ವಾರ ಇಬ್ಬರೂ ಹೋದೆವು. ಆಕೆಗಿಂತ ಮುಂದೆ ಸರಸರ ನಡೆದು ಮೊದಲು ನನ್ನ ಹೆಸರು ಬರೆಸಿದೆ. ನರ್ಸು ಬಾಗಿಲಲ್ಲಿ ನಿಂತು ಹೆಸರು ಕೂಗಿದಾಗ ಹಸೀನಾಳ ಕಡೆ ತಿರುಗಿದೆ.

“ನೀ ಮೊದಲ ಹೋಗಿ ಬಾ ಹಸೀನಾ.”

“ಒಮ್ಮೆಯಾದ್ರೂ ನೀವ ಮುಂದ ಹೋಗ್ರಿ ಅಕ್ಕೋರ,” ಎಂದು ನನ್ನ ಚೀಲ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಹೋದೆ. ಕೆಲವು ದಿನಗಳಲ್ಲಿ ಇಬ್ಬರದೂ ರಿಪೋರ್ಟ್ ಬಂತು. ಇಬ್ಬರಿಗೂ ಏನೂ ಇಲ್ಲ. ನನ್ನದಕ್ಕಿಂತ ಹಸೀನಾಳ ರಿಪೋರ್ಟನ್ನೇ ನಾನು ಎರಡು ಸಲ ಓದಿದೆ. ಹೊಟ್ಟೆಕಿಚ್ಚು ಪಡಬೇಕೆಂದರೂ ಪಕ್ಕದ ಮನೆಯಲ್ಲಿ ಆಕೆ ಗಟ್ಟಿಯಾಗಿರಬೇಕಲ್ಲ.